ನಮ್ಮ ತಂಪು, ನೆರೆಮನೆಯ ಝಳ

2024ರ ಮಾರ್ಚ್ ಕೊನೆಯ ವಾರ. ನಮ್ಮ ಮನೆಯ ಎಸಿಯನ್ನು ಬೇಸಿಗೆಗೆ ಸಜ್ಜು ಮಾಡಲು ಇಪ್ಪತ್ತೆರಡರ ಆಸುಪಾಸಿನ ಹುಡುಗನೊಬ್ಬ ಬಂದಿದ್ದ. ಒಳಗಿನ ಫಿಲ್ಟರ್ ಕಳಚಿ ನಲ್ಲಿಯ ಕೆಳಗೆ ತೊಳೆದಿಟ್ಟ. ಆಮೇಲೆ ಓಣಿಯಲ್ಲಿ ಏಣಿ ನಿಲ್ಲಿಸಿ ಗೋಡೆಗೆ ಕೂಡಿಸಿದ್ದ ಹೊರಗಿನ ಪೆಟ್ಟಿಗೆಯವರೆಗೆ ಹತ್ತಿದ. ಸ್ವಲ್ಪ ಹೊತ್ತಾದ ಮೇಲೆ ಅಲ್ಲಿಂದಲೇ ಕರೆದ. "ಕಾಕಾ, ಎದುರಿನ ಆ ಖೋಲ್ಯಾಗ ಯಾರರ ಇರ್ತಾರೇನ್ರಿ?"

"ಇರ್ತಾರ. ಯಾಕ?"

"ಏನಿಲ್ರಿ. ಇದರ ಬಾಯಿ ಸೀದಾ ಆ ಕಿಡಕಿಗೇ ಅದ. ಕಿಡಕಿಗೆ ರಟ್ಟು ಬಡದಾರ, ಅದಕ್ಕ ಕೇಳ್ದೆ."

ಆ ಎಸಿ ಅದಾಗಲೇ ಐದು ಬೇಸಿಗೆ ಓಡಿತ್ತು. ಐದು ವರ್ಷವೂ ನಾನು ದಿನಕ್ಕೆ ನಾಲ್ಕಾರು ಸಲ ಆ ಓಣಿಯಲ್ಲಿ ಓಡಾಡಿದ್ದೆ. ಕಿಟಕಿಗೆ ರಟ್ಟು ಬಡಿದದ್ದನ್ನು ಕಂಡಿದ್ದೆ ಕೂಡ. ಗಾಜು ಒಡೆದಿರಬೇಕು, ಹಾಕಿಸಲು ಹಣ ಇಲ್ಲದಿರಬೇಕು ಎಂದು ತಿಳಿದುಕೊಂಡು ಮುಂದೆ ಹೋಗಿದ್ದೆ. ಕತೆ ಬರೆಯುವವನು ನಾನು. ಮನುಷ್ಯರನ್ನು ಗಮನಿಸುವುದು ನನ್ನ ಕಸುಬು ಎಂದು ಸಭೆಗಳಲ್ಲಿ ಹೇಳಿಕೊಂಡವನು.

ನಮ್ಮದು ಕಲಬುರಗಿಯ ಹಳೆಯ ಬಡಾವಣೆಯ ಓಣಿ. ಎರಡು ಸೈಕಲ್ ಎದುರಾದರೆ ಒಂದು ನಿಂತು ದಾರಿ ಬಿಡಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ ಪಾದರಸ 42-43ರ ಬಳಿ ನಿಲ್ಲುವುದು ಸುದ್ದಿಯೇ ಅಲ್ಲ. ನಮ್ಮ ಭಾಗದ ಸರಕಾರಿ ಕಚೇರಿಗಳನ್ನು ಆ ದಿನಗಳಲ್ಲಿ ಬೆಳಿಗ್ಗೆ 8 ಗಂಟೆಗೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ರೂಢಿ ಬಹಳ ವರ್ಷಗಳಿಂದ ಇದೆ. ಬಿಸಿಲು ತೀರಾ ಉಗ್ರವಾದಾಗ ಲುಹರ್ ನಮಾಝನ್ನು ಸ್ವಲ್ಪ ತಂಪಾಗುವವರೆಗೆ ತಡಮಾಡಿರಿ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದೂ ಇಂಥದೇ ಕಾರಣಕ್ಕೆ. ಸೆಕೆಯನ್ನು ಸಹಿಸುವುದೇ ಒಂದು ಪುಣ್ಯ ಎಂದು ನಮ್ಮ ಧರ್ಮ ಎಲ್ಲೂ ಹೇಳಿಲ್ಲ. ಈ ಮಾತನ್ನು ಮೊದಲೇ ಹೇಳುತ್ತಿದ್ದೇನೆ. ಏಕೆಂದರೆ ಎಸಿ ಎಂದೊಡನೆ ಅದು ಶ್ರೀಮಂತರ ಸೊಕ್ಕು ಎಂದು ಬರೆಯುವವರಿದ್ದಾರೆ. ಅವರಲ್ಲಿ ಬಹಳಷ್ಟು ಮಂದಿ ಬೆಂಗಳೂರಿನಲ್ಲಿ, ಫ್ಯಾನಿನ ಕೆಳಗೆ ಕೂತು ಬರೆಯುತ್ತಾರೆ. ಮೇ ತಿಂಗಳಲ್ಲಿ ಒಂದು ವಾರ ಕಲಬುರಗಿಗೋ ರಾಯಚೂರಿಗೋ ಬಂದು ಹೋಗಲಿ.

ನಮ್ಮ ಮನೆಗೆ ಎಸಿ ಬಂದದ್ದು 2019ರಲ್ಲಿ. ಅಮ್ಮಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿತ್ತು. ಅಲ್ಲಿಯವರೆಗೆ ಕೂಲರ್ ಸಾಕಾಗುತ್ತಿತ್ತು. ನಮ್ಮ ಕಡೆಯ ಒಣ ಹವೆಗೆ ಕೂಲರ್ ಒಳ್ಳೆಯದೇ. ಒದ್ದೆ ಹುಲ್ಲಿನ ಮೂಲಕ ಗಾಳಿ ಹಾಯುವಾಗ ನೀರು ಆವಿಯಾಗಿ ಗಾಳಿಯ ಬಿಸಿಯನ್ನು ಹೀರುತ್ತದೆ. ಮಂಗಳೂರು, ಉಡುಪಿಯ ಕಡೆ ಈ ಆಟ ನಡೆಯುವುದಿಲ್ಲ. ಅಲ್ಲಿನ ಗಾಳಿ ಮೊದಲೇ ನೀರು ಕುಡಿದು ಕೂತಿರುತ್ತದೆ. ಆದರೆ ಕೂಲರಿನ ಗಾಳಿಗೆ ಅಮ್ಮಿಯ ಹಾಸಿಗೆ ಸದಾ ಹಸಿಯಾಗಿ ಬೆನ್ನಿನಲ್ಲಿ ಹುಣ್ಣುಗಳೆದ್ದವು. ಕೋಣೆ ತಂಪಾಗಿಯೂ ಇರಬೇಕು, ಒಣದಾಗಿಯೂ ಇರಬೇಕು ಎಂದರು ಡಾಕ್ಟರು. ಕಂತಿನ ಮೇಲೆ ಒಂದೂವರೆ ಟನ್ನಿನ ಎಸಿ ತಂದೆವು. ಕೂಡಿಸಲು ಬಂದವರು ಪೈಪು ಕಡಿಮೆ ಹಿಡಿಯುತ್ತದೆ ಎಂದು ಓಣಿಯ ಕಡೆಯ ಗೋಡೆಯನ್ನು ತೋರಿಸಿದರು. ನಾನು ಹೂಂ ಎಂದೆ. ಅಷ್ಟೇ ನಡೆದದ್ದು. ಯಾರೂ ಯಾರಿಗೂ ಕೇಡು ಬಗೆಯಲಿಲ್ಲ.

ಎಸಿ ತಂಪನ್ನು ತಯಾರಿಸುತ್ತದೆ ಎಂದು ನಾನು ಬಹುಕಾಲ ನಂಬಿದ್ದೆ. ನನ್ನಂತೆ ನಂಬಿದವರು ಬಹಳ ಇರಬೇಕು. ಅದು ತಂಪನ್ನು ತಯಾರಿಸುವುದಿಲ್ಲ. ಕೋಣೆಯ ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಸುರಿಯುತ್ತದೆ. ಒಬ್ಬ ಹಮಾಲಿ ಗೋದಾಮಿನಿಂದ ಚೀಲ ಹೊತ್ತು ಹೊರಗೆ ಒಗೆಯುವ ಹಾಗೆ. ಎಸಿಯನ್ನು ಟನ್ನಿನ ಲೆಕ್ಕದಲ್ಲಿ ಮಾರುವುದೇಕೆಂದು ನೋಡಿದರೆ ಇದು ತಿಳಿಯುತ್ತದೆ. ಮಂಜುಗಡ್ಡೆಯನ್ನು ಹಡಗಿನಲ್ಲಿ ಸಾಗಿಸಿ ಮಾರುತ್ತಿದ್ದ ಕಾಲವೊಂದಿತ್ತು. ಅಮೆರಿಕದ ಬಾಸ್ಟನ್ನಿನಿಂದ ಹೊರಟ ಮಂಜುಗಡ್ಡೆ 1833ರಲ್ಲಿ ಕಲ್ಕತ್ತೆಗೆ ಬಂದು ಇಳಿದಿತ್ತು. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಬಿಸಿಯನ್ನು ಹೀರುತ್ತದೋ ಅಷ್ಟು ಬಿಸಿಯನ್ನು ಅಷ್ಟೇ ಹೊತ್ತಿನಲ್ಲಿ ಹೊರಹಾಕುವ ಯಂತ್ರ ಒಂದು ಟನ್ನಿನದು. ಈಗಿನ ಮಾದರಿಯ ಹವಾನಿಯಂತ್ರಣವನ್ನು ವಿಲಿಸ್ ಕ್ಯಾರಿಯರ್ 1902ರಲ್ಲಿ ರೂಪಿಸಿದ್ದು ಮನುಷ್ಯರಿಗಾಗಿ ಅಲ್ಲ, ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದ ಕಾಗದ ತೇವಕ್ಕೆ ಹಿಗ್ಗದಿರಲಿ ಎಂದು. ಪತ್ರಿಕೆಯವರಿಗೆ ಈ ವಿಷಯ ರುಚಿಸಬಹುದು.

ನಮ್ಮ ಒಂದೂವರೆ ಟನ್ನಿನ ಯಂತ್ರ ಪೂರ್ತಿ ಓಡುವಾಗ ಕೋಣೆಯಿಂದ ಸುಮಾರು 5 ಕಿಲೋವ್ಯಾಟ್ ಬಿಸಿಯನ್ನು ಎಳೆದು ಹೊರಹಾಕುತ್ತದೆ. ಅದನ್ನು ಹೊರುವುದಕ್ಕೆ ತಾನು ಉಣ್ಣುವ ಒಂದೂವರೆ ಕಿಲೋವ್ಯಾಟಿನಷ್ಟು ವಿದ್ಯುತ್ತೂ ಕೊನೆಗೆ ಬಿಸಿಯೇ ಆಗಿ ಅದೇ ಬಾಯಿಯಿಂದ ಹೊರಬೀಳುತ್ತದೆ. ಎಂದರೆ ಒಳಗೆ ನಮಗೆ ಸಿಕ್ಕ ತಂಪಿಗಿಂತ ಹೊರಗಿನವರಿಗೆ ಸಿಗುವ ಬಿಸಿ ಯಾವಾಗಲೂ ಹೆಚ್ಚು. ಮನೆಯಲ್ಲಿನ ಇಸ್ತ್ರಿ ಪೆಟ್ಟಿಗೆ ಒಂದು ಕಿಲೋವ್ಯಾಟಿನದೆಂದು ಹಿಡಿಯಿರಿ. ಆರು ಇಸ್ತ್ರಿ ಪೆಟ್ಟಿಗೆಗಳನ್ನು ಕಾಯಿಸಿ, ಹಿಂದೊಂದು ಫ್ಯಾನಿಟ್ಟು, ಮಧ್ಯಾಹ್ನದಿಂದ ರಾತ್ರಿಯವರೆಗೆ ಎದುರು ಮನೆಯ ಕಿಟಕಿಗೆ ಹಿಡಿದಂತೆ. ನಾನು ಐದು ಬೇಸಿಗೆ ಮಾಡಿದ್ದು ಇದನ್ನೇ.

ಹುಡುಗ ಕೆಲಸ ಮುಗಿಸಿ ಹೋದ ಮೇಲೆ ಎದುರು ಮನೆಗೆ ಹೋದೆ. ಆ ಖೋಲಿಯಲ್ಲಿ ಅರವತ್ತು ದಾಟಿದ ವಿಧವೆಯೊಬ್ಬರು ಬಾಡಿಗೆಗೆ ಇದ್ದಾರೆ. ಓಣಿಯವರಿಗೆಲ್ಲ ಖಾಲಾ. ಸೀರೆಗೆ ಫಾಲ್ ಹಚ್ಚುವುದು, ರವಿಕೆ ಹೊಲಿಯುವುದು ಅವರ ಜೀವನೋಪಾಯ. ಕಿಟಕಿಯ ಪಕ್ಕದಲ್ಲಿ ಬೆಳಕಿಗೆ ಇರುತ್ತಿದ್ದ ಹೊಲಿಗೆ ಯಂತ್ರ ಈಗ ಬಾಗಿಲ ಹೊಸ್ತಿಲಿಗೆ ಬಂದಿತ್ತು. ಬೇಸಿಗೆಯಲ್ಲಿ ಹನ್ನೊಂದರಿಂದ ಸಂಜೆ ಐದರವರೆಗೆ ಒಳಗೆ ಕೂರಲಾಗುವುದಿಲ್ಲ, ಹಾಗಾಗಿ ಫಜ್ರ್ ನಮಾಝ್ ಮುಗಿಸಿ ಹೊಲಿಯಲು ಕೂರುತ್ತೇನೆ ಎಂದರು. ಅರ್ಧ ದಿನದ ಕೆಲಸ, ಎಂದರೆ ಅರ್ಧ ದಿನದ ಗಳಿಕೆ.

"ಖಾಲಾ, ನನಗೆ ಒಂದು ಮಾತು ಹೇಳಬಾರದಿತ್ತೇ?" ಎಂದೆ.

"ನಿಮ್ಮ ಅಮ್ಮಿ ಮಲಗಿದ್ದಳಲ್ಲ ಬೇಟಾ. ಹಾಸಿಗೆ ಹಿಡಿದವಳ ತಂಪಿಗೆ ನಾನು ಅಡ್ಡ ಬರಲೇ?"

ಅಮ್ಮಿ ತೀರಿಕೊಂಡದ್ದು 2022ರ ಚಳಿಗಾಲದಲ್ಲಿ. ಮಯ್ಯತ್ತಿಗೆ ಗುಸುಲ್ ಮಾಡಿಸಿದವರಲ್ಲಿ ಖಾಲಾ ಕೂಡ ಒಬ್ಬರು. "ಅಮ್ಮಿ ಹೋದ ಮೇಲಾದರೂ?" ಎಂದು ಕೇಳಿದೆ. ಖಾಲಾ ನಕ್ಕರು. "ಆಮೇಲೆ ರೂಢಿ ಆಗಿಬಿಟ್ಟಿತ್ತು" ಎಂದರು.

ನೆರೆಯವನು ಹಸಿದಿರುವಾಗ ತಾನು ಹೊಟ್ಟೆತುಂಬ ಉಂಡು ಮಲಗುವವನ ಈಮಾನಿನ ಬಗ್ಗೆ ಇರುವ ಹದೀಸನ್ನು ನಾವೆಲ್ಲ ಎಷ್ಟು ಸಲ ಕೇಳಿಲ್ಲ! ಜುಮಾ ಖುತ್ಬಾದಲ್ಲಿ ಕೇಳಿ ತಲೆದೂಗಿ, ಈದ್ ದಿನ ಎದುರು ಮನೆಗೆ ಒಂದು ಬೋಗುಣಿ ಶೀರ್‌ಖುರ್ಮಾ ಕಳಿಸಿ, ಹಕ್ಕು ತೀರಿತು ಎಂದುಕೊಳ್ಳುತ್ತೇವೆ. ನಾನೂ ಕಳಿಸುತ್ತಿದ್ದೆ. ಆದರೆ ಹಸಿವಿನ ಮಾತೇ ಬೇರೆ, ಈ ಸೆಕೆಯ ಮಾತೇ ಬೇರೆ. ನಾನು ಉಂಡದ್ದರಿಂದ ನೆರೆಯವನು ಹಸಿದಿರುವುದಿಲ್ಲ. ಅವನ ಹಸಿವಿಗೆ ನಾನು ಕುರುಡನಾಗಿರುತ್ತೇನೆ, ಅದು ನನ್ನ ತಪ್ಪು. ಇಲ್ಲಿ ಹಾಗಲ್ಲ. ನಾನು ತಂಪಾದದ್ದರಿಂದಲೇ ಖಾಲಾ ಬೆಂದದ್ದು. ನನ್ನ ಕೋಣೆಯಿಂದ ತೆಗೆದದ್ದನ್ನೇ ಅವರ ಕೋಣೆಗೆ ಹಾಕಿದ್ದು. ಇದು ದಾನ, ದಯೆ, ಕರುಣೆಗಳ ಪ್ರಶ್ನೆಯಲ್ಲ. ಕಸವನ್ನು ಗುಡಿಸಿ ಪಕ್ಕದವರ ಅಂಗಳಕ್ಕೆ ತಳ್ಳುವವನಿಗೆ ನಾವು ದಯೆಯ ಪಾಠ ಹೇಳುವುದಿಲ್ಲ, ಕಸ ತೆಗೆಯೋ ಎನ್ನುತ್ತೇವೆ. ಕಸ ಕಣ್ಣಿಗೆ ಕಾಣುತ್ತದೆ, ಬಿಸಿ ಕಾಣುವುದಿಲ್ಲ. ವ್ಯತ್ಯಾಸ ಅಷ್ಟೇ.

ನಮ್ಮ ಹಿಂದಿನವರಿಗೆ ಇದು ಹೊಸ ಸಮಸ್ಯೆಯೇನೂ ಆಗಿರಲಿಲ್ಲ. 14ನೇ ಶತಮಾನದಲ್ಲಿ ಟ್ಯೂನಿಸ್ ನಗರದಲ್ಲಿ ಇಬ್ನುಲ್ ರಾಮಿ ಎಂಬವರಿದ್ದರು. ಕಸುಬಿನಿಂದ ಗಾರೆಯವರು. ಗೋಡೆ, ಕಿಟಕಿ, ಚರಂಡಿಗಳ ವ್ಯಾಜ್ಯ ಬಂದಾಗ ಸ್ಥಳಕ್ಕೆ ಹೋಗಿ ನೋಡಿ ಕಾಝಿಗೆ ವರದಿ ಕೊಡುತ್ತಿದ್ದ ಅವರು, ಕಟ್ಟಡಗಳಿಗೆ ಸಂಬಂಧಿಸಿದ ಧರ್ಮಶಾಸ್ತ್ರದ ಮೇಲೆ ಒಂದು ಗ್ರಂಥವನ್ನೇ ಬರೆದರು. ನೆರೆಮನೆಗೆ ನುಗ್ಗುವ ಹೊಗೆ, ವಾಸನೆ, ಸದ್ದು ಎಲ್ಲವೂ ಅದರಲ್ಲಿ ಚರ್ಚೆಗೆ ಬಂದಿವೆ. ತನಗೂ ಕೇಡಾಗಬಾರದು, ಪರರಿಗೂ ಕೇಡು ಮಾಡಬಾರದು ಎಂಬ ಪ್ರವಾದಿ ವಚನದ ತತ್ವವೇ ಈ ಎಲ್ಲ ಚರ್ಚೆಗಳ ಬುನಾದಿ. ನನ್ನ ಮನೆ, ನನ್ನ ಗೋಡೆ, ನನ್ನ ಕರೆಂಟು ಬಿಲ್ಲು ಎಂಬ ವಾದ ಅಲ್ಲಿ ಬಹಳ ದೂರ ನಡೆಯುವುದಿಲ್ಲ. ಗೋಡೆ ನಿನ್ನದೇ ಇರಬಹುದು, ಅದರಿಂದ ಹೊರಟದ್ದು ಎಲ್ಲಿಗೆ ಹೋಗಿ ಮುಟ್ಟಿತು ಎಂದು ನೋಡುತ್ತಾರೆ. ಆದರೆ ಅಂಥ ತೀರ್ಪು ಬರಬೇಕಾದರೆ ಯಾರಾದರೂ ದೂರು ಕೊಡಬೇಕು. ಖಾಲಾ ದೂರು ಕೊಡಲಿಲ್ಲ. ಬಾಡಿಗೆದಾರರು, ಒಂಟಿ ಹೆಂಗಸು, ಎದುರಿಗಿರುವುದು ಸ್ವಂತ ಮನೆಯವರು, ಮೇಲಾಗಿ ಒಳಗೆ ರೋಗಿ. ಅವರು ಬಾಯಿ ತೆರೆಯಲಿಲ್ಲವೆಂದರೆ ಒಪ್ಪಿಗೆಯಿತ್ತು ಎಂದು ಹೇಗೆ ತಿಳಿಯುವುದು? ಬಡವರ ಮೌನವನ್ನು ಒಪ್ಪಿಗೆ ಎಂದು ಓದುವುದು ನಮಗೆ ಯಾರೂ ಕಲಿಸದೆ ಬಂದ ವಿದ್ಯೆ.

ಹಿಂದಿನ ಕಾಲವೇ ಚೆನ್ನಾಗಿತ್ತು ಎನ್ನುವವರ ಸಾಲಿಗೂ ನಾನು ಸೇರಲಾರೆ. ನನ್ನ ಬಾಲ್ಯದ ಮನೆ ಮಣ್ಣಿನ ಮಾಳಿಗೆಯದು. ದಪ್ಪ ಗೋಡೆ, ಕೆಳಗೆ ಶಹಾಬಾದಿ ಫರಸಿ, ಮೂಲೆಯಲ್ಲಿ ಮರಳಿನ ಮೇಲೆ ಸುರಾಹಿ. ಮಧ್ಯಾಹ್ನ ಫರಸಿಯ ಮೇಲೆ ಬರಿ ಮೈಯಲ್ಲಿ ಮಲಗಿದರೆ ನಿದ್ದೆ ಹತ್ತುತ್ತಿತ್ತು, ರಾತ್ರಿ ಎಲ್ಲರೂ ಮಾಳಿಗೆಯ ಮೇಲೆ. ನಿಜವೇ. ಆದರೆ ಉಳ್ಳವರ ಮನೆಗಳಲ್ಲಿ ಬಾಗಿಲಿಗೆ ಲಾವಂಚದ ಟಟ್ಟಿ ಕಟ್ಟಿ ಅದಕ್ಕೆ ಗಳಿಗೆಗೊಮ್ಮೆ ನೀರು ಹೊಡೆಯುತ್ತಿದ್ದವರು ಯಾರು? ಸಾಹೇಬರ ತಲೆಯ ಮೇಲೆ ಬಟ್ಟೆಯ ಪಂಖಾ ತೂಗಲು ವರಾಂಡದಲ್ಲಿ ಕೂತು ಹಗ್ಗ ಎಳೆಯುತ್ತಿದ್ದವರು ಯಾರು? ಹಗ್ಗ ಗೋಡೆಯ ತೂತಿನಿಂದ ಹೊರಗೆ ಬರುತ್ತಿತ್ತು. ಎಳೆಯುವವನ ಬೆವರು ಒಳಗಿನವರಿಗೆ ಕಾಣುತ್ತಿರಲಿಲ್ಲ. ನಮ್ಮ ಎಸಿಯ ಪೈಪೂ ಗೋಡೆಯ ತೂತಿನಿಂದಲೇ ಹೊರಗೆ ಹೋಗುತ್ತದೆ.

ಹಾಗಾದರೆ ಎಸಿ ಇಟ್ಟುಕೊಳ್ಳುವುದೇ ತಪ್ಪೇ? ಇಮಾಮ್ ಗಝ್ಝಾಲಿ, ಅವರ ಬಳಿಕ ಶಾತಿಬಿ ಮುಂತಾದವರು ಮನುಷ್ಯನ ಬೇಕುಗಳನ್ನು ಮೂರು ಮೆಟ್ಟಿಲುಗಳಲ್ಲಿಟ್ಟು ನೋಡಿದರು. ಇಲ್ಲದಿದ್ದರೆ ಬದುಕೇ ನಿಲ್ಲದಂಥವು ಜರೂರಿಯಾತ್. ಇಲ್ಲದಿದ್ದರೆ ಬದುಕು ಕಷ್ಟವಾಗುವಂಥವು ಹಾಜಿಯಾತ್. ಇದ್ದರೆ ಬದುಕಿಗೆ ಸೊಗಸು ತರುವಂಥವು ತಹ್ಸೀನಿಯಾತ್. ಉರ್ದು ಶಾಲೆಯಲ್ಲಿ ಮೌಲ್ವಿ ಸಾಹೇಬರು ಇದನ್ನು ಹೇಳುವಾಗ ಯಾವ ವಸ್ತು ಯಾವ ಮೆಟ್ಟಿಲಿನದು ಎಂದು ಪಟ್ಟಿ ಮಾಡಬಹುದೆಂದು ನಾನು ತಿಳಿದಿದ್ದೆ. ರೊಟ್ಟಿ ಇಲ್ಲಿ, ಅತ್ತರು ಅಲ್ಲಿ. ನಮ್ಮ ಎಸಿ ಆ ಪಟ್ಟಿಯನ್ನು ಕೆಡಿಸಿತು. ಅದೇ ಗೋಡೆ, ಅದೇ ಯಂತ್ರ. ಅಮ್ಮಿ ಮಲಗಿದ್ದಾಗ ಅದು ಜರೂರತ್ತು. ಅಮ್ಮಿ ಹೋದ ಮೇಲೆ ಆ ಕೋಣೆಯಲ್ಲಿ ನಾನು ಮಲಗತೊಡಗಿದೆ, ಆಗ ಅದು ಹಾಜತ್ತು ಎನ್ನಬಹುದು. ನನ್ನ ಮಗ ಅದನ್ನು 18ಕ್ಕೆ ಇಳಿಸಿ, ಮೈತುಂಬ ರಜಾಯಿ ಹೊದ್ದು ಮಲಗುತ್ತಾನಲ್ಲ, ಅದನ್ನು ಏನೆನ್ನೋಣ? ಖಾಲಾ ಸಹಿಸಿದ್ದು ಮೊದಲನೆಯದನ್ನು. ಆ ಸಹನೆಯ ಸಾಲದಲ್ಲೇ ನಾವು ಎರಡನೆಯದನ್ನೂ ಮೂರನೆಯದನ್ನೂ ನಡೆಸಿಕೊಂಡಿದ್ದೆವು.

ನಿರ್ವಹಣೆಯ ಮಾತಿಗೆ ಬರುತ್ತೇನೆ. ಎಸಿಯ ಸರ್ವಿಸ್ ಎಂದರೆ ನಮ್ಮ ಹಣ ಉಳಿಸುವ ವಿಷಯ ಎಂದೇ ಎಲ್ಲರ ಎಣಿಕೆ. ಅದು ನೆರೆಯವರ ಹಕ್ಕಿನ ವಿಷಯವೂ ಹೌದು ಎಂಬುದನ್ನು ಆ ಹುಡುಗನಿಂದ ಕಲಿತೆ. ನಮ್ಮೂರಿನಲ್ಲಿ ರಸ್ತೆಯ ಧೂಳಿನ ಜೊತೆಗೆ ದಾಲ್ ಮಿಲ್ಲುಗಳ ತೊಗರಿ ಹೊಟ್ಟೂ ಹಾರಿ ಬರುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಒಳಗೆ ಗಾಳಿ ಆಡುವುದಿಲ್ಲ, ಕಾಯಿಲಿನ ಮೇಲೆ ಮಂಜು ಕೂರುತ್ತದೆ, ಕೋಣೆ ತಣಿಯುವುದಿಲ್ಲ, ಯಂತ್ರ ನಿಲ್ಲದೆ ಓಡುತ್ತದೆ. ಹೊರಗಿನ ಕಾಯಿಲಿಗೆ ಧೂಳು ಮೆತ್ತಿದರೆ ಬಿಸಿ ಸಲೀಸಾಗಿ ಹೊರಹೋಗದೆ ಕಂಪ್ರೆಸರ್ ಇನ್ನಷ್ಟು ದುಡಿಯುತ್ತದೆ, ಇನ್ನಷ್ಟು ವಿದ್ಯುತ್ ಉಣ್ಣುತ್ತದೆ. ಆ ಇನ್ನಷ್ಟು ಬಿಸಿಯೂ ಎದುರು ಮನೆಗೇ. ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆಯಲು ಹತ್ತು ನಿಮಿಷ ಸಾಕು, ಮೆಕ್ಯಾನಿಕ್ ಬೇಕಿಲ್ಲ. ನಾನು ಐದು ವರ್ಷದಲ್ಲಿ ಒಮ್ಮೆಯೂ ತೊಳೆದಿರಲಿಲ್ಲ. 2020ರ ಜನವರಿಯಿಂದ ದೇಶದಲ್ಲಿ ತಯಾರಾಗುವ ಕೋಣೆಯ ಎಸಿಗಳು ಚಾಲೂ ಮಾಡಿದಾಗ ತಾವಾಗಿ 24 ಡಿಗ್ರಿಯಲ್ಲಿ ನಿಲ್ಲಬೇಕೆಂದು ಸರಕಾರ ನಿಯಮ ಮಾಡಿತು. ಒಂದು ಡಿಗ್ರಿ ಮೇಲಿಟ್ಟರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆಂಬುದು ವಿದ್ಯುತ್ ದಕ್ಷತೆಯ ಸರಕಾರಿ ಸಂಸ್ಥೆಯ ಲೆಕ್ಕ.

ಆ ದಿನ ಹುಡುಗನಿಗೆ ನಾನು ಹೇಳಿದ್ದ ಸಮಯ ಮಧ್ಯಾಹ್ನ ಎರಡು ಗಂಟೆ. ನನ್ನ ಅನುಕೂಲ ಅದಾಗಿತ್ತು. ಬಿಸಿಲಿಗೆ ಕಾದ ಏಣಿಯ ಮೇಲೆ ನಿಂತು ಅವನು ನನ್ನ ಯಂತ್ರವನ್ನು ತಂಪು ಮಾಡಿದ. ಕೆಲಸಗಾರನ ಬೆವರು ಆರುವ ಮೊದಲೇ ಕೂಲಿ ಕೊಡಿ ಎಂಬ ಹದೀಸನ್ನು ನಾನು ಅಕ್ಷರಶಃ ಪಾಲಿಸಿದೆ ಎನ್ನಿ, ಆದರೆ ಅದಕ್ಕೆ ಮೊದಲು ನೂರು ರೂಪಾಯಿ ಚೌಕಾಶಿ ಮಾಡಿದ್ದೆ. ಈಗ ಬೆಳಿಗ್ಗೆ ಏಳಕ್ಕೆ ಬಾ ಎನ್ನುತ್ತೇನೆ.

ಹೊರಗಿನ ಪೆಟ್ಟಿಗೆಯನ್ನು ಛತ್ತಿನ ಮೇಲಕ್ಕೆ ಒಯ್ಯಬೇಕೆಂದು ಆ ವಾರವೇ ತೀರ್ಮಾನಿಸಿದೆವು. ಪೈಪು, ಸ್ಟ್ಯಾಂಡು, ಕೂಲಿ ಸೇರಿ ಏಳು ಸಾವಿರವಾಯಿತು. ಬಿಚ್ಚುವ ಮೊದಲು ಹುಡುಗ, "ಗ್ಯಾಸ್ ಹೊರಗ ಬಿಟ್ಟುಬಿಡ್ಲೇನ್ರಿ? ಹೊಸಾದು ತುಂಬಿದ್ರಾಯ್ತು, ಕೆಲಸ ಲಗೂ ಆಗ್ತದ" ಎಂದ. ಗ್ಯಾಸ್ ಬಗ್ಗೆ ನಾನು ಅಷ್ಟರಲ್ಲಿ ಸ್ವಲ್ಪ ಓದಿಕೊಂಡಿದ್ದೆ. ಈ ಗ್ಯಾಸ್ ಸೀಮೆಎಣ್ಣೆಯ ಹಾಗೆ ಉರಿದು ಮುಗಿಯುವಂಥದಲ್ಲ, ಅದೇ ಗ್ಯಾಸು ಒಳಗೆ ಹೊರಗೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರಿಕೆ ಹುಡುಕದೆ ವರ್ಷವರ್ಷವೂ ತುಂಬಿಸುವುದು ತೂತಿನ ಕೊಡಕ್ಕೆ ನೀರು ಹೊಯ್ದ ಹಾಗೆ. ನಮ್ಮ ಯಂತ್ರದಲ್ಲಿದ್ದದ್ದು ಆರ್-32. ಅದರ ಒಂದು ಕಿಲೋ ಗಾಳಿಗೆ ಸೇರಿದರೆ ನೂರು ವರ್ಷಗಳ ಲೆಕ್ಕದಲ್ಲಿ 675 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಕಾಯಿಸುತ್ತದೆ. ಹಳೆಯ ಯಂತ್ರಗಳ ಆರ್-22 ಅದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು ಕಾಯಿಸುತ್ತದೆ, ಜೊತೆಗೆ ಓಝೋನ್ ಪದರಕ್ಕೂ ಕೇಡು. ಓಝೋನಿಗಾಗಿ 1987ರಲ್ಲಿ ಮಾಂಟ್ರಿಯಲ್‌ನಲ್ಲಿ, ಈ ಕಾಯಿಸುವ ಅನಿಲಗಳಿಗಾಗಿ 2016ರಲ್ಲಿ ಕಿಗಾಲಿಯಲ್ಲಿ ಲೋಕದ ದೇಶಗಳೆಲ್ಲ ಕೂತು ಒಪ್ಪಂದ ಮಾಡಿಕೊಂಡವು. ಕಿಗಾಲಿಯದಕ್ಕೆ ಭಾರತ 2021ರಲ್ಲಿ ಮುದ್ರೆ ಒತ್ತಿತು. ಆದರೆ ಕೊನೆಗೆ ಒಪ್ಪಂದ ಪಾಲನೆಯಾಗುವುದೋ ಇಲ್ಲವೋ ಎಂಬುದು ಇಂಥ ಓಣಿಯಲ್ಲಿ, ಪಾನಾ ಹಿಡಿದ ಹುಡುಗನ ಅವಸರದಲ್ಲಿ ನಿರ್ಧಾರವಾಗುತ್ತದೆ. ಗ್ಯಾಸನ್ನೆಲ್ಲ ಹೊರಗಿನ ಪೆಟ್ಟಿಗೆಗೆ ಎಳೆದು, ವಾಲ್ವ್ ಮುಚ್ಚಿ, ಆಮೇಲೆ ಪೈಪು ಬಿಚ್ಚುವ ಕ್ರಮವಿದೆ. ಅವನಿಗೂ ಗೊತ್ತಿತ್ತು. "ಯಾರೂ ಹೇಳಲ್ರಿ ಕಾಕಾ, ಅದಕ್ಕ ಮಾಡಲ್ಲ" ಎಂದ. ಮಾಡಿದ. ಹೆಚ್ಚೆಂದರೆ ಕಾಲು ತಾಸು ಹಿಡಿಯಿತು.

ಅದೇ 2024ರ ಜೂನಿನಲ್ಲಿ ಹಜ್ ಯಾತ್ರೆಯ ಸುದ್ದಿ ಬಂತು. ಮಕ್ಕಾದ ಮಸ್ಜಿದುಲ್ ಹರಾಮಿನಲ್ಲಿ ಉಷ್ಣಾಂಶ 51.8 ಡಿಗ್ರಿ ಮುಟ್ಟಿತ್ತು. ಸೌದಿ ಸರಕಾರವೇ ಕೊಟ್ಟ ಲೆಕ್ಕದಂತೆ ತೀರಿಕೊಂಡವರು 1,301 ಮಂದಿ. ಅವರಲ್ಲಿ ಶೇ. 83ರಷ್ಟು ಜನ ಅಧಿಕೃತ ಪರವಾನಗಿ ಇಲ್ಲದೆ ಬಂದವರು, ಎಂದರೆ ತಂಪು ಡೇರೆ, ತಂಪು ಬಸ್ಸುಗಳ ಆಸರೆ ಸಿಗದೆ ಬಿಸಿಲಲ್ಲಿ ಬಹುದೂರ ನಡೆದವರು. ನಿಯಮ ಮುರಿದು ಹೋದರು, ಅನುಭವಿಸಿದರು ಎಂದು ನಮ್ಮಲ್ಲೇ ಹಲವರು ಹೇಳಿದರು. ಒಂದೇ ಬಿಳಿಬಟ್ಟೆಯಲ್ಲಿ ರಾಜನೂ ರೈತನೂ ಸಮವಾಗಿ ನಿಲ್ಲುವ ಜಾಗ ಎಂದು ನಾವು ಪರರಿಗೆ ಹೆಮ್ಮೆಯಿಂದ ಹೇಳುವ ಜಾಗ ಅದು. ತಂಪಿನ ಡೇರೆಯ ಒಳಗಿನವರು, ಹೊರಗಿನವರು ಎಂಬ ಭೇದ ಅಲ್ಲೂ ಪ್ರಾಣ ತೆಗೆಯಿತು. ಅಷ್ಟು ದೂರ ಯಾಕೆ? ನಮ್ಮೂರಿನಲ್ಲೂ ಮಸೀದಿಗಳಿಗೆ ಎಸಿ ಬರುತ್ತಿವೆ. ಒಂದು ಮಸೀದಿಯಲ್ಲಿ ನಾನು ಕಂಡದ್ದು: ಹೊರಗಿನ ಪೆಟ್ಟಿಗೆಗಳನ್ನು ಸಾಲಾಗಿ ಕೂಡಿಸಿದ್ದು ಮೆಟ್ಟಿಲ ಪಕ್ಕದ ಗೋಡೆಗೆ. ಜುಮಾ ದಿನ ಆ ಮೆಟ್ಟಿಲ ಮೇಲೆ ಫಕೀರರು ಕೂರುತ್ತಾರೆ. ಕಮಿಟಿಯ ಹಿರಿಯರೊಬ್ಬರಿಗೆ ಹೇಳಿದೆ. "ಅವರು ಆ ಕಡೆ ಸರಿದು ಕೂರಲಿ ಬಿಡಿ" ಎಂದರು. ಖಾಲಾರ ಕಿಟಕಿಯ ಸಂಗತಿ ನನ್ನ ಗಂಟಲಲ್ಲಿ ಇತ್ತು, ಹಾಗಾಗಿ ಹೆಚ್ಚು ವಾದ ಮಾಡುವ ಮುಖ ನನಗಿರಲಿಲ್ಲ.

ಪೆಟ್ಟಿಗೆ ಛತ್ತಿಗೆ ಹೋದ ಮೇಲೆ ಖಾಲಾ ರಟ್ಟು ಕಿತ್ತರು. ಹೊಲಿಗೆ ಯಂತ್ರ ಕಿಟಕಿಗೆ ಮರಳಿತು. ಆದರೆ ಮೇಲೆ ಹೋದ ಬಿಸಿ ಮಾಯವಾಗಿಲ್ಲ, ಊರಿನ ಗಾಳಿಯಲ್ಲೇ ಇದೆ. ಅಮೆರಿಕದ ಫೀನಿಕ್ಸ್ ನಗರದ ಬಗ್ಗೆ ಅರಿಝೋನಾ ವಿಶ್ವವಿದ್ಯಾಲಯವೊಂದರ ಸಂಶೋಧಕರು 2014ರಲ್ಲಿ ಲೆಕ್ಕ ಹಾಕಿ, ಎಸಿಗಳು ಉಗುಳುವ ಬಿಸಿಯಿಂದಲೇ ಕೆಲವು ಕಡೆ ರಾತ್ರಿಯ ಉಷ್ಣಾಂಶ ಒಂದು ಡಿಗ್ರಿಗೂ ಹೆಚ್ಚು ಏರುತ್ತದೆ ಎಂದಿದ್ದರು. ಕಲಬುರಗಿ ಫೀನಿಕ್ಸ್ ಅಲ್ಲ. ಆದರೂ ನಮ್ಮ ಓಣಿಯಲ್ಲಿ 2019ರಲ್ಲಿ ಎಸಿ ಇದ್ದದ್ದು ನಮ್ಮದೊಂದೇ, ಈಗ ಹನ್ನೊಂದು ಎಣಿಸಿದ್ದೇನೆ.

ಕಳೆದ ಮೇ ತಿಂಗಳ ಒಂದು ರಾತ್ರಿ ಕರೆಂಟು ಹೋಗಿ ಬಂದ ಮೇಲೆ ಯಂತ್ರ ಚಾಲೂ ಆಗಲಿಲ್ಲ. ನೋಡೋಣವೆಂದು ಛತ್ತು ಹತ್ತಿದೆ. ಸ್ಟೆಬಿಲೈಜರಿನ ತಡವಷ್ಟೇ, ನಾನು ಮೇಲೆ ಹೋಗುವಷ್ಟರಲ್ಲಿ ಫ್ಯಾನ್ ತಿರುಗತೊಡಗಿತ್ತು. ನಮ್ಮ ಪಕ್ಕದ ಛತ್ತಿನ ಮೇಲೆ, ತಗ್ಗು ಗೋಡೆಯ ಆಚೆ, ಕಟ್ಟಡ ಕೆಲಸಕ್ಕೆ ಹೋಗುವ ಒಂದು ಕುಟುಂಬ ಬೇಸಿಗೆಯಲ್ಲಿ ಮಲಗುತ್ತದೆ. ಗಂಡ, ಹೆಂಡತಿ, ಮೂರು ಮಕ್ಕಳು. ಅವರ ಹಾಸಿಗೆಗಳೆಲ್ಲ ಆಚೆಯ ತುದಿಗೆ, ನೀರಿನ ಟಾಕಿಯ ಹಿಂದಕ್ಕೆ ಸರಿದಿದ್ದವು. ನಾನು ಕೆಳಗಿಳಿದು ಎಸಿ ಬಂದ್ ಮಾಡಿದೆ. ಮಗ ಎದ್ದು, "ಅಬ್ಬಾ, ಯಾಕ?" ಎಂದ. ಹೇಳಿದೆ. "ಮತ್ತ ಎಲ್ಲಿಡೋದು ಅದನ್ನ?" ಎಂದು ಕೇಳಿದ. ಇಬ್ಬರೂ ಕಿಟಕಿ ತೆರೆದು ಫ್ಯಾನ್ ಹಾಕಿಕೊಂಡು ಮಲಗಿದೆವು. ಅವನಿಗೆ ನಿದ್ದೆ ಬಂತು. ಮರುದಿನ ಹುಡುಗನಿಗೆ ಫೋನ್ ಮಾಡಿ, ಪೆಟ್ಟಿಗೆಯ ಬಾಯಿಯನ್ನು ರಸ್ತೆಯ ಕಡೆಗೆ ತಿರುಗಿಸಲು ಆಗುತ್ತದೆಯೇ ಎಂದು ವಿಚಾರಿಸಿದೆ. "ಆಗ್ತದ್ರಿ ಕಾಕಾ, ಆದ್ರ ಅಲ್ಲಿ ಕೆಳಗ ಒಬ್ರು ಭಜಿ ಬಂಡಿ ಹಚ್ತಾರಲ್ರಿ" ಎಂದ.